ಬಾಗಿಲು ತಟ್ಟಿದ ಮೇಲೆ ಏನಾಯಿತು?

ಸಿನಿಮಾ ಥಿಯೇಟರಿನ ಮಗ್ಗುಲಲ್ಲಿ ಹೋಟೆಲು ಇಟ್ಟವಳು ನಗುವ ಸಂಗತಿಗಳನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ಆಟ ಬಿಟ್ಟಾಗಲೆಲ್ಲ ಅವು ತಾವಾಗಿ ಬಂದು ಬೆಂಚಿನ ಮೇಲೆ ಕೂತು ಒಂದು ಚಹಾ ಹೇಳುತ್ತವೆ. ನಾಸಿಕ್‌ನಲ್ಲಿ ನಾನು ಒಲೆ ಹಚ್ಚಿದ ವರ್ಷಗಳಲ್ಲಿ ಅಂಥವು ಎಷ್ಟೋ ಬಂದು ಹೋದವು. ಎದ್ದು ಹೋಗದೆ ಕೂತುಬಿಟ್ಟವು ಇವಿಷ್ಟು. ಹೆಚ್ಚಿನವು ಒಂದೇ ಸಿನಿಮಾದ ಸುತ್ತ ನಡೆದವು.

ಒಂಬತ್ತರ ನಂತರ ಎಲೆ ಇಲ್ಲ

ನಮ್ಮದು ಕುಂದಾಪುರದ ಕಡೆ. ಮದುವೆಯಾಗಿ ನಾಸಿಕ್‌ಗೆ ಬಂದಾಗ ನನಗೆ ಓದು ಬರುತ್ತಿರಲಿಲ್ಲ. ಕನ್ನಡದ ಅಕ್ಷರಗಳನ್ನು ಊರಿನಿಂದ ಬರುವ ಹಪ್ಪಳದ ಕಟ್ಟಿಗೆ ಸುತ್ತಿದ್ದ ವಾರಪತ್ರಿಕೆಗಳಿಂದ ಕಲಿತೆ. ಮರಾಠಿಯದನ್ನು ಥಿಯೇಟರಿನ ಗೋಡೆಯಿಂದ ಕಲಿತೆ. ನಾನು ತಡವರಿಸದೆ ಓದಿದ ಮೊದಲ ಮರಾಠಿ ಶಬ್ದ ‘ಹೌಸ್‌ಫುಲ್’. ಅದು ಮರಾಠಿ ಶಬ್ದವೇ ಅಲ್ಲ ಎಂದು ತಿಳಿಯಲು ಇನ್ನೂ ಬಹಳ ದಿನ ಬೇಕಾಯಿತು. ಆದರೂ ಯಾರೂ ಕಲಿಸಿದ್ದಲ್ಲ, ನಾನೇ ಕಲಿತದ್ದು.

ಹೋಟೆಲು ನಡೆಸುವುದನ್ನೂ ಹಾಗೆಯೇ ಕಲಿತೆ. ನಮ್ಮವರು ಒಂದು ದಿನ, ಔರಂಗಾಬಾದಿನಲ್ಲಿ ಯಾರೋ ಹೊಸ ಹೋಟೆಲು ತೆಗೆಯುತ್ತಿದ್ದಾರೆ, ನೋಡಿಕೊಂಡು ಬರುತ್ತೇನೆ ಎಂದು ಕೊಡೆ ಹಿಡಿದು ಹೊರಟರು. “ಶನಿವಾರ ರಾತ್ರಿ ಊಟಕ್ಕೆ ಇರ್ತೇನೆ, ಎಲೆ ಹಾಕಿಡು” ಎಂದರು. ಯಾವ ಶನಿವಾರ ಎಂದು ಹೇಳಲಿಲ್ಲ.

ಮೊದಮೊದಲು ಬೀದಿಯ ದೀಪ ಆರುವವರೆಗೆ ಎಲೆ ಹಾಕಿಟ್ಟುಕೊಂಡು ಕೂತೆ. ಕಾಯುವ ಹೆಂಗಸನ್ನು ಕಂಡರೆ ಜನಕ್ಕೆ ಕರುಣೆ. ಸಾರಿಗೆ ಉಪ್ಪು ಹೆಚ್ಚಾದರೂ ಹೇಳದೆ ಉಂಡು ಹೋಗುತ್ತಿದ್ದರು. ಅದನ್ನು ನಾನು ಸಹಿಸಲಾರೆ. ಒಂದು ದಿನ ಸೀಮೆಸುಣ್ಣ ತೆಗೆದುಕೊಂಡು ಬಾಗಿಲ ಹಲಗೆಯ ಮೇಲೆ ಬರೆದೆ: ‘ಒಂಬತ್ತರ ನಂತರ ಎಲೆ ಇಲ್ಲ.’ ಕನ್ನಡದಲ್ಲಿ ಒಮ್ಮೆ, ಮರಾಠಿಯಲ್ಲಿ ಒಮ್ಮೆ. ಯಾರು ಬಂದರೂ ಇಲ್ಲ ಎಂದು ಬಾಯಲ್ಲಿ ಸೇರಿಸಿದೆ.

ಒಮ್ಮೆ ಯಾರೋ ದೊಡ್ಡ ಅಧಿಕಾರಿ ಒಂಬತ್ತು ಕಳೆದ ಮೇಲೆ ಜೀಪಿನಿಂದ ಇಳಿದ. ತ್ರ್ಯಂಬಕೇಶ್ವರದಿಂದ ಬರುತ್ತಿದ್ದನಂತೆ, ಹೊಟ್ಟೆ ಹಸಿದಿತ್ತಂತೆ. ನಾನು ಹಲಗೆ ತೋರಿಸಿದೆ. ತಾನು ಯಾರು ಗೊತ್ತೇ ಎಂದು ಮರಾಠಿಯಲ್ಲಿ ಕೇಳಿದ. ಒಳಗೆ, ಎಲ್ಲರೂ ಬಾಯಿ ಎಂದೇ ಕರೆಯುತ್ತಿದ್ದ ಬೀದರಿನ ಹೆಂಗಸು ಅಕ್ಕಿ ರುಬ್ಬುತ್ತಿದ್ದಳು. ನನಗಿಂತ ಹಿರಿಯಳು, ವಿಧವೆ, ನನ್ನ ಹೋಟೆಲಿನ ಅರ್ಧ ಬಲ ಅವಳ ತೋಳಿನಲ್ಲಿತ್ತು. ಈತನಿಗೆ ಕನ್ನಡ ತಿಳಿಯುವುದಿಲ್ಲ ಎಂಬ ಧೈರ್ಯದಲ್ಲಿ ಅಲ್ಲಿಂದಲೇ ಹೇಳಿದಳು: “ಖುದ್ದ್ ಗಂಡಗೇ ಒಂಬತ್ತರ ಮ್ಯಾಲ ಎಲಿ ಹಾಕಂಗಿಲ್ಲಂತ ಕುಂತಾರ. ಈ ಜೀಪಿನಾವ ಯಾವ ಲೆಕ್ಕದಾಗಿನವ?”

ಆತ ಬೆಳಗಾವಿಯವನು. ಮರುದಿನ ಎಂಟು ಗಂಟೆಗೇ ಬಂದು ಕೂತಿದ್ದ.

ಸಾಂಬಾರಿನ ತನಿಖೆ

ಆ ವರ್ಷ ಥಿಯೇಟರಿಗೆ ಒಂದು ಹಿಂದಿ ಸಿನಿಮಾ ಬಂತು. ಹಾಡು ಕಡಿಮೆ, ಹೊಡೆದಾಟ ಇಲ್ಲವೇ ಇಲ್ಲ. ಬಡ ಪತ್ರಿಕೆಯೊಂದರ ವರದಿಗಾರನ ಕಥೆ. ಗಿರಣಿಗೆ ಬೆಂಕಿ ಬಿದ್ದ ದಿನ ಒಬ್ಬ ಕೆಲಸಗಾರ ಕಾಣೆಯಾಗಿರುತ್ತಾನೆ. ಕದ್ದು ಓಡಿದ ಎನ್ನುತ್ತಾರೆ ಮಾಲಕರು. ಸುಟ್ಟುಹೋದ ಎನ್ನುತ್ತಾರೆ ಪೊಲೀಸರು. ಅವನ ಹೆಂಡತಿ ಏನೂ ಹೇಳುವುದಿಲ್ಲ, ದಿನವೂ ಅವನ ತಾಟು ತೊಳೆದು ಬೋರಲು ಹಾಕಿ ಇಡುತ್ತಾಳೆ. ನಿಜ ಗೊತ್ತಾಗುವವರೆಗೆ ಒಂದು ಸಾಲೂ ಬರೆಯುವುದಿಲ್ಲ ಎಂದು ವರದಿಗಾರ ಊರೂರು ಅಲೆಯುತ್ತಾನೆ.

ಸಿನಿಮಾ ಬಂದ ವಾರದಲ್ಲೇ ನಾಸಿಕ್‌ನ ಹುಡುಗರ ಜೇಬಿಗೆಲ್ಲ ಪೆನ್ನು ಬಂತು. ಸೊಪ್ಪು ತೂಗುವವಳನ್ನು ತನಿಖೆ ಮಾಡಿದರು, ಟಾಂಗಾದವನನ್ನು ತನಿಖೆ ಮಾಡಿದರು. ಕೊನೆಗೆ ನಿಜವಾದ ವರದಿಗಾರನೇ ನನ್ನಲ್ಲಿಗೆ ಬಂದ. ಅಲ್ಲಿಯ ಒಂದು ಸಣ್ಣ ಮರಾಠಿ ಪತ್ರಿಕೆಯವನು, ಹೆಗಲಿಗೆ ಬಟ್ಟೆಯ ಚೀಲ. ನಿಮ್ಮ ಸಾಂಬಾರಿನಲ್ಲಿ ಬೇಳೆಗಿಂತ ಸಿಹಿಗುಂಬಳವೇ ಹೆಚ್ಚು ಎಂದು ಊರಲ್ಲಿ ಮಾತಿದೆ, ಸತ್ಯ ಏನು ಎಂದು ಕೇಳಿದ.

ಒಳಗೆ ಹೋಗಿ ನೋಡು ಎಂದೆ. ಹೋದ. ಪಾತ್ರೆಯೊಳಗೆ ಬಗ್ಗಿದ. ಆವಿಗೆ ಕನ್ನಡಕ ಮಂಜಾಗಿ, ಸತ್ಯವಿರಲಿ ಬಾಗಿಲೂ ಕಾಣದೆ ಬಾಯಿಯ ಕೈ ಹಿಡಿದು ಹೊರಗೆ ಬಂದ.

ಆಗ ನಾನು ಒಂದು ಒಪ್ಪಂದಕ್ಕೆ ಕರೆದೆ. ಪಾತ್ರೆಯ ಸತ್ಯವನ್ನೆಲ್ಲ ನಾನು ಹೇಳುತ್ತೇನೆ, ನೀನು ಆ ಸಿನಿಮಾದ ಕೊನೆ ಹೇಳು ಎಂದೆ. ಅವನು ಕನ್ನಡಕ ಒರೆಸಿದ, ಮತ್ತೆ ಒರೆಸಿದ. “ತಾಯೀ, ನಮ್ಮ ಆಫೀಸಿಗೆ ಪಾಸು ಒಂದೇ. ಇಂಟರ್‌ವಲ್‌ವರೆಗೆ ನಾನು, ನಂತರ ಸಂಪಾದಕರು.”

“ಹಾಗಾದರೆ ನಾನೂ ಇಂಟರ್‌ವಲ್‌ವರೆಗೆ ಹೇಳುತ್ತೇನೆ, ಬರೆದುಕೋ. ಬೇಳೆ ಉಂಟು.”

ಕರುಣೆಯ ಸಾಕ್ಷಿಗಳು

ಕೊನೆಯನ್ನು ನಾನೇ ಯಾಕೆ ನೋಡಲಿಲ್ಲ ಎಂದು ಕೇಳಬಹುದು. ಥಿಯೇಟರಿನ ಪಕ್ಕದ ಹೋಟೆಲಿನವಳಿಗೆ ಸಿನಿಮಾದ ಕೊನೆ ಎಂದರೆ ಗಿರಾಕಿ ಬರುವ ಹೊತ್ತು. ಮೂರರ ಆಟ ಬಿಡುವ ಮೊದಲೇ ಬಜ್ಜಿಯ ಎಣ್ಣೆ ಕಾದಿರಬೇಕು. ಆರರ ಆಟ ಪೂರ್ತಿ ನನ್ನ ಊಟದ ಹೊತ್ತಿನಲ್ಲಿ. ಇನ್ನು ಎರಡನೇ ಆಟ ಶುರುವಾಗುವುದೇ ಒಂಬತ್ತೂವರೆಗೆ. ಒಂಟಿ ಹೆಂಗಸು ಎರಡನೇ ಆಟಕ್ಕೆ ಹೋದರೆ ಮರುದಿನ ಇಡೀ ಪೇಟೆಗೆ ಅವಳೇ ಸಿನಿಮಾ.

ಮೂರರ ಆಟಕ್ಕೆ ಹೋಗಿದ್ದೆ. ವರದಿಗಾರ ದೂರದ ಊರಿನಲ್ಲಿ ಬಸ್ಸಿಳಿದು, ಒಂದು ಮಣ್ಣಿನ ಮೆಟ್ಟಿಲ ಕೆಳಗೆ ನಿಂತು ಮೇಲೆ ನೋಡುತ್ತಾನೆ. ಅಲ್ಲಿಗೆ ಬಾಯಿ ಹೊರಗಿನಿಂದ ಹೇಳಿಕಳಿಸಿದಳು, ಎಣ್ಣೆ ಕಾದಿದೆ ಎಂದು. ಬಾಗಿಲ ಪರದೆ ಹಿಡಿದು ಒಂದು ಕಾಲು ಒಳಗೆ, ಒಂದು ಕಾಲು ಹೊರಗೆ ಇಟ್ಟು ನಿಂತೆ. ತಾಯೀ, ಬೆಳಕು ಬೀಳುತ್ತದೆ, ಒಂದೋ ಒಳಗಿರಿ ಇಲ್ಲ ಹೊರಗಿರಿ ಎಂದ ಗೇಟಿನವನು. ನನಗೆ ಎರಡೂ ಆಗಲಿಲ್ಲ.

ಅಂದಿನಿಂದ ಮೂರರ ಆಟ ನೋಡಿ ಬಂದವರನ್ನೆಲ್ಲ ಕೇಳಿದೆ. ಸೊಪ್ಪಿನವಳು, ಅವನು ಸಿಗುತ್ತಾನೆ, ಮನೆಗೆ ಬರುತ್ತಾನೆ, ಹೆಂಡತಿ ತಾಟು ಹಾಕುತ್ತಾಳೆ ಎಂದಳು. ಹೇಳುವಾಗ ನನ್ನ ಕೈ ಹಿಡಿದುಕೊಂಡಳು. ಬ್ಯಾಂಕಿನವರ ಹೆಂಡತಿಯನ್ನು ಕೇಳಿದರೆ, “ಬರ್ತಾರೆ ಅಕ್ಕ, ಬಂದೇ ಬರ್ತಾರೆ” ಎಂದು ಹೆಗಲ ಮೇಲೆ ಕೈಯಿಟ್ಟಳು. ನಾನು ಕೇಳಿದ್ದು ಸಿನಿಮಾದ್ದು ಎಂದೆ. ತಾನು ಹೇಳಿದ್ದೂ ಸಿನಿಮಾದ್ದೇ ಎಂದಳು, ಆದರೆ ಕೈ ತೆಗೆಯಲಿಲ್ಲ. ಹಾಲಿನವನೂ ಅದನ್ನೇ ಹೇಳಿದ, ಹೇಳಿ ಒಂದು ಲೋಟ ಹಾಲು ಹೆಚ್ಚಿಗೆ ಸುರಿದ.

ನನಗೆ ಅರ್ಥವಾಯಿತು. ಇವರಿಗೆಲ್ಲ ನನ್ನ ಶನಿವಾರದ ಕಥೆ ಗೊತ್ತು. ಬಾರದವನನ್ನು ಬಂದ ಎಂದು ಸಿನಿಮಾದಲ್ಲಾದರೂ ಹೇಳಿ ನನ್ನನ್ನು ಸಮಾಧಾನ ಮಾಡುತ್ತಿದ್ದಾರೆ. ಸಿಟ್ಟು ಬಂತು. ಸುಳ್ಳು ಹೇಳಿ ನನಗೆ ಉಪಕಾರ ಮಾಡುವ ಅಗತ್ಯ ಯಾರಿಗೂ ಇಲ್ಲ ಎಂದು ಬಾಯಿಯ ಎದುರು ಕೂಗಾಡಿದೆ.

ಅವಳು ಹಾಲಿನ ಪಾತ್ರೆಯನ್ನೇ ನೋಡುತ್ತಿದ್ದಳು. “ಇನ್ನೂ ನಾಕ್ ಮಂದಿಗಿ ಕೇಳ್ರಿ ಅಕ್ಕೋರ. ದೀಪಾವಳಿಗಿ ಬಾಸುಂದಿ ಮಾಡ್ಲಾಕ ಆಗ್ತದ.”

ಪ್ರೊಫೆಸರರ ಬಾಗಿಲು

ನನ್ನ ಕಥೆ ಗೊತ್ತಿಲ್ಲದ ಸಾಕ್ಷಿ ಬೇಕಿತ್ತು. ಸಿಕ್ಕಿದರು. ಊರಿಗೆ ಹೊಸದಾಗಿ ಬಂದಿದ್ದ ಕಾಲೇಜಿನ ಪ್ರೊಫೆಸರರು. ಆರರ ಆಟ ನೋಡಿ ನೇರವಾಗಿ ನನ್ನಲ್ಲಿಗೆ ಊಟಕ್ಕೆ ಬಂದರು. ಕೊನೆ ಏನಾಯಿತು ಎಂದು ಕೇಳಿದ್ದೇ ತಡ, ಅನ್ನ ಬಿಟ್ಟು ಕೈ ಎತ್ತಿದರು.

ವರದಿಗಾರ ಮೆಟ್ಟಿಲು ಹತ್ತುತ್ತಾನಂತೆ. ಬಾಗಿಲು ತಟ್ಟುತ್ತಾನಂತೆ. ಅಷ್ಟೇ. ಕೂಡಲೇ ರಾಷ್ಟ್ರಗೀತೆ. ಎಂಥ ಧೈರ್ಯ ನೋಡಿ, ಎಂದರು ಪ್ರೊಫೆಸರರು. ಸತ್ಯದ ಬಾಗಿಲನ್ನು ತಟ್ಟುವುದಷ್ಟೇ ಮನುಷ್ಯನ ಕೆಲಸ, ತೆರೆಯುವುದು ದೇಶದ ಕೆಲಸ, ಅದಕ್ಕೇ ಸರಿಯಾಗಿ ಅದೇ ಕ್ಷಣಕ್ಕೆ ರಾಷ್ಟ್ರಗೀತೆ ಬರುತ್ತದೆ ಎಂದರು.

ಆಗ ಸಿನಿಮಾ ಮುಗಿದ ಮೇಲೆ ರಾಷ್ಟ್ರಗೀತೆ ಹಾಕುವ ಪದ್ಧತಿ ಇತ್ತು, ಯಾವ ಸಿನಿಮಾ ಆದರೂ. ಅದನ್ನು ನಾನು ಹೇಳಲಿಲ್ಲ. “ಅಷ್ಟು ದೂರ ಹೋಗಿ ತಟ್ಟಿದವನು ತೆರೆಯುವವರೆಗೆ ನಿಲ್ಲಬಾರದಿತ್ತೇ?” ಎಂದೆ.

“ಅದೇ ಪ್ರಶ್ನೆ! ಅದನ್ನೇ ನಮ್ಮ ಮೇಲೆ ಬಿಟ್ಟಿದ್ದಾರೆ,” ಎಂದು ಮೇಜು ಕುಟ್ಟಿದರು.

ಮೂಲೆಯಲ್ಲಿ ಉಣ್ಣುತ್ತಿದ್ದ ಆಪರೇಟರನಿಗೆ ಸಾರು ನೆತ್ತಿಗೇರಿತು. ಅವನು ಥಿಯೇಟರಿನಲ್ಲಿ ರೀಲು ಓಡಿಸುವವನು, ಗುಲ್ಬರ್ಗಾ ಕಡೆಯವನು. ಎರಡು ಆಟಗಳ ನಡುವೆ ಓಡಿಬಂದು, ಒಂಬತ್ತಕ್ಕೆ ಸ್ವಲ್ಪ ಮೊದಲು ಎಲೆಯ ಮುಂದೆ ಕೂರುತ್ತಿದ್ದ. ಒಂದು ದಿನವೂ ತಪ್ಪಿದವನಲ್ಲ, ತಡವಾದವನಲ್ಲ. ಎರಡನೇ ಆಟದ ಹಸಿವಿಗೆ ಎರಡು ದೋಸೆ ಕಟ್ಟಿಸಿಕೊಳ್ಳುತ್ತಿದ್ದ. ಅದಕ್ಕೆ ಅವನದೇ ಒಂದು ತಗಡಿನ ಡಬ್ಬಿ, ಗುಂಡನೆಯದು, ಚಪ್ಪಟೆಯದು. ಮಡಚದೆ ದೋಸೆ ಇಡಬಹುದಾದ ಅಂಥ ಡಬ್ಬಿಯನ್ನು ನಾನು ಎಲ್ಲೂ ಕಂಡಿರಲಿಲ್ಲ. ಎಲ್ಲಿ ಸಿಗುತ್ತದೆ, ನನಗೂ ನಾಲ್ಕು ತಂದುಕೊಡು ಎಂದು ಎಷ್ಟೋ ಸಲ ಕೇಳಿದ್ದೆ. ಕಂಪನಿಯದು, ಅಂಗಡಿಯಲ್ಲಿ ಸಿಗುವುದಿಲ್ಲ ಎನ್ನುತ್ತಿದ್ದ.

ಸಿನಿಮಾದ ಕೊನೆಯನ್ನೂ ಎಲ್ಲರಿಗಿಂತ ಮೊದಲು ಅವನನ್ನೇ ಕೇಳಿದ್ದೆ. “ನಾವ್ ಸಿನೆಮಾ ನೋಡಂಗಿಲ್ರಿ ಅಕ್ಕೋರ,” ಎಂದಿದ್ದ. “ನಾವ್ ಮಶಿನ್ಯಾಗ ಬೆಳಕಿಗಿ ಉರಿಯೋ ಕಾರ್ಬನ್ ಕಡ್ಡಿ ನೋಡ್ತೀವಿ. ಅದು ಆರಿದ್ರ ಮಂದಿ ನಮಗ ನೋಡ್ತಾರ.”

ಈಗ ಅವನು ಕೆಮ್ಮಿ ಕೆಮ್ಮಿ ಕಣ್ಣಲ್ಲಿ ನೀರು ತಂದುಕೊಂಡಿದ್ದ. ಪ್ರೊಫೆಸರರು ಅದನ್ನು ನೋಡಿ ಮೆಚ್ಚಿದರು. ನೋಡಿ, ಒಬ್ಬ ಸಾಮಾನ್ಯ ಕೆಲಸಗಾರನ ಮನಸ್ಸಿಗೂ ಆ ಬಾಗಿಲು ಎಷ್ಟು ತಟ್ಟಿದೆ ಎಂದರು.

ಯೇವಲೆಯ ಹೆಂಗಸು

ಶುಕ್ರವಾರ ಗೋಡೆಗೆ ಬೇರೆ ಸಿನಿಮಾದ ಪೋಸ್ಟರು ಬಂತು. ನನ್ನ ಸಿನಿಮಾ ಔರಂಗಾಬಾದಿಗೆ ಹೋಯಿತು ಎಂದು ಗೇಟಿನವನು ಹೇಳಿದ. ಆ ಕಾಲದಲ್ಲಿ ಇಂಥ ಸಿನಿಮಾದ ಒಂದೇ ಪ್ರತಿ ಊರಿಂದೂರಿಗೆ ಪೆಟ್ಟಿಗೆಯಲ್ಲಿ ತಿರುಗುತ್ತಿತ್ತು.

ಔರಂಗಾಬಾದು. ಆ ಊರಿನ ಹೆಸರು ಬಂದರೆ ನಾನು ಮಾತು ಬಿಟ್ಟು ಸೌಟು ಬದಲಿಸುತ್ತಿದ್ದೆ. ಅಲ್ಲಿಂದ ಬಂದವರು ನಿಮ್ಮವರನ್ನು ಅಲ್ಲಿ ಕಂಡೆ, ಇಲ್ಲಿ ಕಂಡೆ ಎಂದರೆ ಸಾರು ಬಡಿಸಿ ಮುಂದೆ ಹೋಗುತ್ತಿದ್ದೆ. ಹೋದವರು ದಾರಿ ತಿಳಿಯದ ಮಗುವಲ್ಲ, ಹುಡುಕಿಕೊಂಡು ಹೋಗುವ ಪೈಕಿ ನಾನಲ್ಲ. ಆದರೆ ಸಿನಿಮಾ ನೋಡಲು ಹೋಗಬಹುದಲ್ಲ. ಬಾಯಿಗೆ ಹೋಟೆಲು ಒಪ್ಪಿಸಿ, ಸಿನಿಮಾ ನೋಡಿ ಬರುತ್ತೇನೆ ಎಂದೆ. “ನೋಡ್ರಿ,” ಎಂದಳು. “ಆ ಹಸರ ಸೀರಿ ಉಟ್ಕೊಂಡು ನೋಡ್ರಿ.”

ಬಸ್ಸು ಯೇವಲೆಯಲ್ಲಿ ನಿಂತಾಗ ಒಬ್ಬ ಹೆಂಗಸು ಹತ್ತಿ ಪಕ್ಕದಲ್ಲಿ ಕೂತಳು. ಮಡಿಲಲ್ಲಿ ಬಿಳಿ ಬಟ್ಟೆ ಸುತ್ತಿದ ಪೈಠಣಿ ಸೀರೆಯ ಗಂಟು. ಅವಳ ಮನೆಯ ಮಗ್ಗದಲ್ಲೇ ನೇಯ್ದದ್ದಂತೆ, ಔರಂಗಾಬಾದಿನ ಯಾವುದೋ ಮದುವೆ ಮನೆಗೆ ಮುಟ್ಟಿಸಬೇಕಂತೆ. ಗಂಟು ಸರಿಮಾಡಿಕೊಂಡು, ಯಾರನ್ನು ನೋಡಲು ಹೊರಟಿರಿ ಎಂದು ಕೇಳಿದಳು.

ಸಿನಿಮಾ ನೋಡಲು ಎಂದೆ.

ನಾಸಿಕ್‌ನಲ್ಲಿ ಸಿನಿಮಾ ಇಲ್ಲವೇ ಎಂದಳು. ಉಂಟು, ನಮ್ಮ ಹೋಟೆಲಿನ ಪಕ್ಕದಲ್ಲೇ ಉಂಟು ಎಂದೆ. ಅದೇ ಸಿನಿಮಾ ಅಲ್ಲಿಗೆ ಬರಲಿಲ್ಲವೇ ಎಂದಳು. ಬಂದಿತ್ತು, ಎಷ್ಟೋ ದಿನ ಇತ್ತು ಎಂದೆ. ಅವಳು ನನ್ನ ಹಸಿರು ಸೀರೆ ನೋಡಿದಳು, ಕಿಟಕಿಯ ಆಚೆ ಹೋಗಿ ಬರುವ ನನ್ನ ಕಣ್ಣು ನೋಡಿದಳು. ಇಳಿಯುವಾಗ ನನ್ನ ತಲೆಯ ಮೇಲೆ ಕೈಯಿಟ್ಟು, “ನಿನ್ನ ಸಿನಿಮಾ ಮನೆಯಲ್ಲೇ ಸಿಗಲಿ ಮಗಳೇ, ಜೊತೆಗೆ ಇನ್ನೊಬ್ಬಳು ಇಲ್ಲದಿರಲಿ,” ಎಂದು ಹರಸಿದಳು.

ಕೊನೆಯ ಡಬ್ಬಿ

ಮೂರರ ಆಟ, ಆ ಊರಿನಲ್ಲಿ ಅದೇ ಮೊದಲನೆಯದು. ಥಿಯೇಟರು ತುಂಬಿತ್ತು. ನಾಸಿಕ್‌ನಲ್ಲಿ ಓಡಿದ ಸುದ್ದಿ ಕೇಳಿ ಇಲ್ಲೂ ಜನ ಮುಗಿಬಿದ್ದಿದ್ದರು.

ದೀಪ ಆರಿದ ಮೇಲೆ ಹಿಂದಿನ ಸಾಲಿನಲ್ಲಿ ಯಾರೋ ಕೆಮ್ಮಿದರು. ಎರಡು ಸಣ್ಣ ಕೆಮ್ಮು, ಮೂರನೆಯದು ಉದ್ದ. ನನ್ನ ಬೆನ್ನು ಸೆಟೆದುಕೊಂಡಿತು. ಆ ಕೆಮ್ಮನ್ನು ನಾನು ಚಳಿಗಾಲಗಳೆಲ್ಲ ಕೇಳಿದ್ದೆ. ಬಿಸಿನೀರು ಕೊಟ್ಟಿದ್ದೆ, ಕಷಾಯ ಕೊಟ್ಟಿದ್ದೆ, ಬೈದೂ ಇದ್ದೆ. ತಿರುಗಿ ನೋಡಲಿಲ್ಲ. ತಿರುಗಿದರೆ ನಾನು ಹುಡುಕಿಕೊಂಡು ಬಂದ ಹಾಗಾಗುತ್ತದೆ. ಸೆರಗು ಹೊದ್ದು, ಎದುರಿನ ಬೆಳಕನ್ನೇ ನೋಡುತ್ತಾ ಕೂತೆ. ಅಷ್ಟು ದೂರ ಬಂದು ನೋಡಿದ ಸಿನಿಮಾದಲ್ಲಿ ಏನು ನಡೆಯಿತು ಎಂದು ನನಗೆ ಗೊತ್ತಾಗಲಿಲ್ಲ. ಕೆಮ್ಮು ಯಾವಾಗ ಬಂತು ಎಂಬುದಷ್ಟೇ ಗೊತ್ತು.

ವರದಿಗಾರ ಮೆಟ್ಟಿಲು ಹತ್ತಿದ. ಬಾಗಿಲು ತಟ್ಟಿದ. ಪರದೆ ಬೆಳ್ಳಗಾಯಿತು.

ಇಲ್ಲಿ ರಾಷ್ಟ್ರಗೀತೆ ಬರಲಿಲ್ಲ. ಸೀಟಿ ಬಂತು, ಕೂಗು ಬಂತು, ದೀಪ ಹತ್ತಿತು. ಆಗ ತಿರುಗಿದೆ. ಯಾರೋ ಬಿಳಿಗಡ್ಡದ ಮುದುಕರು, ಕೆಮ್ಮಿನ ಗುಳಿಗೆ ಚೀಪುತ್ತಾ ಕೂತಿದ್ದರು. ನಾನು ನೋಡಿದ ರೀತಿಗೆ ಏನು ತಿಳಿದರೋ, ನನಗೂ ಒಂದು ಗುಳಿಗೆ ಕೊಟ್ಟರು. ತೆಗೆದುಕೊಂಡು ಬಾಯಿಗೆ ಹಾಕಿಕೊಂಡೆ.

ಅಷ್ಟರಲ್ಲಿ ಮ್ಯಾನೇಜರು ವೇದಿಕೆಗೆ ಬಂದ. ಬೆವರುತ್ತಿದ್ದ. ತಪ್ಪು ನಮ್ಮದಲ್ಲ, ನಾಸಿಕ್‌ನವರದು, ಕೊನೆಯ ರೀಲಿನ ಡಬ್ಬಿಯಲ್ಲಿ ರೀಲು ಕಳಿಸಿಲ್ಲ, ನಂಬದಿದ್ದರೆ ನೀವೇ ನೋಡಿ ಎಂದು ಒಂದು ಗುಂಡನೆಯ ಚಪ್ಪಟೆ ಡಬ್ಬಿಯ ಮುಚ್ಚಳ ತೆರೆದು ಎಲ್ಲರ ಕಡೆಗೆ ತಿರುಗಿಸಿದ. ಒಳಗೆ ಮುತ್ತುಗದ ಎಲೆ. ಎಲೆಯ ಮೇಲೆ, ಮಡಚದೆ ಇಟ್ಟ ಎರಡು ದೋಸೆ.

ನಾನು ಎದ್ದು ನಿಂತದ್ದು ನನಗೇ ಗೊತ್ತಾಗಲಿಲ್ಲ. “ಆ ದೋಸೆ ನನ್ನದು.”

ಮ್ಯಾನೇಜರು ಡಬ್ಬಿಯನ್ನೂ ನನ್ನನ್ನೂ ನೋಡಿದ. ಮುಂದಿನ ಸಾಲಿನಿಂದ ಒಬ್ಬ ಕೈಮುಗಿದು ಕೇಳಿದ: “ಹಾಗಾದರೆ ತಾಯೀ, ಬಾಗಿಲು ತೆರೆದದ್ದು ಯಾರು? ಅದನ್ನೂ ನೀವೇ ಹೇಳಿಬಿಡಿ.”

ತಲೆಕೆಳಗಾದ ಸತ್ಯ

ಮರುದಿನ ಸಂಜೆ ಆಪರೇಟರು ಎಂದಿನಂತೆ ಬಂದು ಕೂತ. ಕೈಯಲ್ಲಿ ಹೊಸ ಸ್ಟೀಲಿನ ಡಬ್ಬಿ. ನಾನು ಎಲೆ ಹಾಕಲಿಲ್ಲ. ಹಳೆಯ ಡಬ್ಬಿ ಎಲ್ಲಿ ಎಂದು ಕೇಳಿದೆ. ಕಳೆದುಹೋಯಿತು ಎಂದ. ಅದು ಔರಂಗಾಬಾದಿನಲ್ಲಿ ವೇದಿಕೆ ಹತ್ತಿದೆ, ನಾನೇ ನೋಡಿ ಬಂದೆ ಎಂದೆ. ಅವನ ಮುಖ ಪರದೆಯ ಹಾಗೆ ಬೆಳ್ಳಗಾಯಿತು.

ಆಮೇಲೆ ಎಲ್ಲ ಹೊರಬಿತ್ತು. ಆರರ ಆಟ ಮುಗಿಯುವುದು ಒಂಬತ್ತು ಹೊಡೆದ ಮೇಲೆ. ನನ್ನ ಹಲಗೆಯ ಮೇಲೆ ಬರೆದದ್ದು ಅವನಿಗೂ ಓದಲು ಬರುತ್ತದೆ. ಹಾಗಾಗಿ ಆರರ ಆಟಕ್ಕೆ ಮಾತ್ರ ಕೊನೆಯ ರೀಲು ಹಾಕುತ್ತಿರಲಿಲ್ಲ. ಅದನ್ನು ಮಶಿನ್ ಕೋಣೆಯ ಗೂಡಿನಲ್ಲಿಟ್ಟು, ಖಾಲಿ ಡಬ್ಬಿ ಹಿಡಿದು ನನ್ನಲ್ಲಿಗೆ ಬರುತ್ತಿದ್ದ. ಕೊನೆಯ ರಾತ್ರಿ ಪೆಟ್ಟಿಗೆ ಕಳಿಸುವ ಅವಸರದಲ್ಲಿ, ತಿನ್ನದೆ ಉಳಿದ ದೋಸೆಯ ಡಬ್ಬಿ ಪೆಟ್ಟಿಗೆಗೆ ಹೋಯಿತು, ರೀಲು ಗೂಡಿನಲ್ಲೇ ಉಳಿಯಿತು.

ಅಷ್ಟು ಜನರಲ್ಲಿ ಒಬ್ಬರೂ ಕೇಳಲಿಲ್ಲವೇ ಎಂದೆ.

“ಬಾಗಲಾ ಬಡದ ಕೂಡ್ಲೇ ರಾಷ್ಟ್ರಗೀತಿ ಹಾಕ್ತಿದ್ದೆ ನೋಡ್ರಿ,” ಎಂದ. “ಎಲ್ಲಾರೂ ನೆಟ್ಟಗ ನಿಂತ್ಬಿಡ್ತಿದ್ರು. ನಿಂತ ಮಂದಿ ಮತ್ತ ಕುಂದ್ರಂಗಿಲ್ರಿ, ಮನಿಗಿ ಹೋಗ್ತಾರ.”

ರೀಲನ್ನು ಮರುದಿನದ ಬಸ್ಸಿಗೆ ಕಳಿಸಬೇಕಿತ್ತು. ಅದಕ್ಕೆ ಮೊದಲು ನನಗೆ ತೋರಿಸು, ಇಲ್ಲದಿದ್ದರೆ ಇನ್ನು ಮೇಲೆ ಎಂಟಕ್ಕೆ ಬಂದರೂ ಎಲೆ ಇಲ್ಲ ಎಂದೆ. ಹಾಗಾಗಿ ಬೆಳಗ್ಗೆ, ಇಡ್ಲಿಯ ಹೊತ್ತಿನಲ್ಲಿ, ನನ್ನ ಹೋಟೆಲಿನ ಬಾಗಿಲು ಮೊದಲ ಸಲ ಮುಚ್ಚಿತ್ತು. ಖಾಲಿ ಥಿಯೇಟರಿನ ನಡುವೆ ನಾನು ಮತ್ತು ಬಾಯಿ ಕೂತೆವು.

ಬೆಳಕು ಬಿತ್ತು. ಮೊದಲು ಕಂಡದ್ದು ಒಂದು ಮನೆ, ತಲೆಕೆಳಗಾಗಿ. ಮನೆಯೊಳಗೆ ಆ ಹೆಂಡತಿ, ಅವಳೂ ತಲೆಕೆಳಗಾಗಿ. ಎದುರಿಗೆ ಗಂಡ ಉಣ್ಣಲು ಕೂತಿದ್ದಾನೆ. ಅವಳು ಅವನ ಮುಂದಿನ ತಾಟನ್ನು ತೆಗೆದುಕೊಂಡಳು. ಅವನು ಎದ್ದ. ಅವಳನ್ನೇ ನೋಡುತ್ತಾ, ಹಿಂದೆ ಹಿಂದೆ ಹೆಜ್ಜೆ ಇಡುತ್ತಾ ಹೊಸ್ತಿಲು ದಾಟಿದ. ಬೀದಿಯ ತುಂಬ ಹಾಗೆಯೇ ಹಿಂದಕ್ಕೆ ನಡೆದು ಸಣ್ಣಗಾಗಿ ಹೋದ.

ಸೆರಗಿನಿಂದ ಕಣ್ಣು ಒರೆಸಿಕೊಂಡೆ. ನೋಡಿದೆಯಾ, ಕೊನೆ ಇದು, ಎಲ್ಲರೂ ಸುಳ್ಳು ಹೇಳಿದ್ದು ಎಂದೆ ಬಾಯಿಗೆ. ಅವಳು ಕುತ್ತಿಗೆ ಓರೆ ಮಾಡಿಕೊಂಡು ನೋಡುತ್ತಿದ್ದಳು. “ಆದ್ರೂ ಛಲೋ ಮನಷ್ಯಾ ಅಕ್ಕೋರ,” ಎಂದಳು. “ಇವನಾದ್ರೂ ಹೋಗುವಾಗ ಮಾರಿ ತೋರ್ಸಿ ಹೋದ.”

ಮೇಲಿನ ಕಿಂಡಿಯಿಂದ ಆಪರೇಟರು ಕೂಗಿದ: “ತಡೀರಿ ಅಕ್ಕೋರ, ಅಳಬ್ಯಾಡ್ರಿ, ರೀಲು ಉಲ್ಟಾ ಸುತ್ತೈತಿ!”

ಹಿಂದಿನ ಆಟದ ನಂತರ ಸುತ್ತಿಡಲು ಮರೆತಿದ್ದ. ಸುತ್ತಿ, ತಿರುಗಿಸಿ, ಮತ್ತೆ ಹಾಕಿದ. ಈಗ ನೆಟ್ಟಗೆ ಬಂತು. ಬಾಗಿಲು ತೆರೆಯಿತು. ಒಳಗೆ ಕಾಣೆಯಾದ ಕೆಲಸಗಾರನಿದ್ದ, ಅರ್ಧ ಮುಖ ಸುಟ್ಟಿತ್ತು. ಈ ಮುಖ ಹೊತ್ತು ಹೇಗೆ ಹೋಗಲಿ ಎಂದು ಹೋಗದೆ ಉಳಿದವನು. ವರದಿಗಾರ ಏನೂ ಬರೆದುಕೊಳ್ಳಲಿಲ್ಲ, ಪೆನ್ನು ಜೇಬಿಗೆ ಹಾಕಿದ. ಮುಂದೆ ಅದೇ ಬೀದಿ. ಗಂಡ ದೂರದಿಂದ ದೊಡ್ಡವನಾಗುತ್ತಾ ಬಂದ. ಹೊಸ್ತಿಲು ದಾಟಿದ. ಅವಳು ಬೋರಲು ಹಾಕಿದ್ದ ತಾಟನ್ನು ನೆಟ್ಟಗೆ ಮಾಡಿ ಮುಂದಿಟ್ಟಳು. ಎಲ್ಲಿದ್ದೆ ಎಂದು ಕೇಳಲಿಲ್ಲ. ನಾನಾಗಿದ್ದರೆ ಕೇಳುತ್ತಿದ್ದೆ. ಬಡಿಸಿದ ಮೇಲೆ ಕೇಳುತ್ತಿದ್ದೆ.

ಸೊಪ್ಪಿನವಳು ಹೇಳಿದ್ದು ನಿಜ. ಬ್ಯಾಂಕಿನವರ ಹೆಂಡತಿ, ಹಾಲಿನವನು, ಎಲ್ಲರೂ ಹೇಳಿದ್ದು ನಿಜ. ಸುಳ್ಳು ಎಂದು ನಾನು ಕೂಗಾಡಿದ್ದೆಲ್ಲ ಅಕ್ಷರ ಅಕ್ಷರವೂ ಸತ್ಯ. ಹೊರಗೆ ಬಂದಾಗ ಬಾಯಿಯ ಮುಖ ಮಾತ್ರ ಸಪ್ಪಗಿತ್ತು. “ಹಾಲಿನವ ಖರೇನೇ ಹೇಳಿದ್ದ ಅಂದ್ರ,” ಎಂದಳು, “ಆ ಹೆಚ್ಚಿನ ಹಾಲು ಯಾಕ ಹಾಕಿದ್ನೋ ಏನೋ.”

ಒಂಬತ್ತೂಕಾಲು

ಅಂದು ಸಂಜೆ ನಾನು ಹಲಗೆ ಒರೆಸಿ ಹೊಸದಾಗಿ ಬರೆದೆ: ‘ಒಂಬತ್ತೂಕಾಲರ ನಂತರ ಎಲೆ ಇಲ್ಲ.’ ಬೀದಿಯಲ್ಲಿ ಅದೊಂದು ಸುದ್ದಿಯೇ ಆಯಿತು. ಕೇಳಿದವರಿಗೆಲ್ಲ ಒಂದೇ ಉತ್ತರ ಕೊಟ್ಟೆ: ಆಪರೇಟರನಿಗೋಸ್ಕರ, ಆರರ ಆಟದವರಿಗೆ ಇನ್ನು ಮೇಲಾದರೂ ಕಥೆ ಪೂರ್ತಿ ಕಾಣಲಿ ಎಂದು.

ಬಾಯಿ ಮೂಲೆಯ ಜಾಗ ನೋಡಿದಳು. ಆಪರೇಟರಗ ಒಂದು ಎಲಿ ಸಾಕಲ್ಲ, ಎರಡು ಯಾಕ ಹಾಕೀರಿ ಎಂದಳು. ಒಂದೇ ಇದ್ದರೆ ಗಾಳಿಗೆ ಹಾರುತ್ತದೆ ಎಂದೆ. ಅವಳು ಎಲೆಗಳ ನಡುವೆ ಇದ್ದ ದೂರವನ್ನು ನೋಡಿ, ಎರಡನೇ ಎಲೆಯ ಪಕ್ಕಕ್ಕೂ ಒಂದು ಲೋಟ ಇಟ್ಟಳು.

ಮುಂದೆ ಒಂದು ಭಕ್ತಿಯ ಸಿನಿಮಾ ಬಂತು. ಆರರ ಆಟ ನೋಡಿ ಬಂದ ಪ್ರೊಫೆಸರರು ಮತ್ತೆ ಕೈ ಎತ್ತಿದರು. ದೇವರು ಪ್ರತ್ಯಕ್ಷನಾಗಿ, ಏನು ವರ ಬೇಕು ಎಂದು ಕೇಳುತ್ತಾನಂತೆ. ಭಕ್ತೆ ಬಾಯಿ ತೆರೆಯುತ್ತಾಳಂತೆ. ಕೂಡಲೇ ರಾಷ್ಟ್ರಗೀತೆ. ಎಂಥ ಧೈರ್ಯ ನೋಡಿ ಎಂದರು.

ನಾನು ಮೂಲೆಗೆ ತಿರುಗಿದೆ. ಆಪರೇಟರು ಎಂದಿನ ಹೊತ್ತಿಗೇ ಬಂದು ಅರ್ಧ ಊಟ ಮುಗಿಸಿದ್ದ. ಹಲಗೆ ಬದಲಿಸಿದ್ದು ಯಾರಿಗಾಗಿ ಎಂದು ಗದರಿದೆ. ತಲೆ ಎತ್ತದೆ ಹೇಳಿದ: “ಖರೇ ಅದ್ರಿ ಅಕ್ಕೋರ. ಆದ್ರ ಒಂಬತ್ತೂಕಾಲಕ್ಕ ಬಂದ್ರ ಸಾರು ಆರಿರ್ತದ.”

ಆ ಕಾಲು ಗಂಟೆ ಹಾಗೆ ಯಾರಿಗೂ ಬೇಡವಾಗಿ ಉಳಿಯಿತು. ಹಲಗೆಯನ್ನು ಮಾತ್ರ ನಾನು ಮತ್ತೆ ಒರೆಸಲಿಲ್ಲ. ದಿನವೂ ಆಪರೇಟರು ಎದ್ದು ಹೋದ ಮೇಲೆ ಒಲೆಯ ಕೆಂಡ ಕೆದಕಿ ಸಾರು ಬಿಸಿಯಾಗಿಡುತ್ತಿದ್ದೆ, ಎರಡನೇ ಎಲೆಗೆ ನೀರು ಚಿಮುಕಿಸುತ್ತಿದ್ದೆ, ಬೀದಿ ನೋಡುತ್ತಿದ್ದೆ. ಮಂದಿ ಹೋದಮ್ಯಾಲ ಯಾರಿಗಿ ಕಾಯ್ಲಾಕತ್ತೀರಿ ಎಂದು ಬಾಯಿ ಕೇಳಿದ್ದಕ್ಕೆ, ಯಾರಿಗೂ ಇಲ್ಲ, ಆ ದೇವರು ವರ ಕೊಡುವುದು ಬಾಕಿ ಉಂಟಲ್ಲ, ಬಂದರೂ ಬರಬಹುದು ಎಂದೆ.

“ಬರ್ಲಿ ಬಿಡ್ರಿ,” ಎಂದು ಅವಳು ರುಬ್ಬುವ ಕಲ್ಲು ಬಿಟ್ಟು ನನ್ನ ಪಕ್ಕ ಬಂದು ಕೂತಳು. “ಆದ್ರ ಒಂಬತ್ತೂಕಾಲದಾಗ ಬರ್ಬೇಕಂತ ಹೇಳ್ರಿ ಅವಂಗ. ತಡಾ ಮಾಡಿದ್ರ ಎಲಿ ಇಲ್ಲಂತ ನಾನೇ ಹೇಳ್ತೀನಿ. ನಿಮ್ಮ ಬಾಯಿಂದ ಅದು ಇನ್ನ ಬರಂಗಿಲ್ಲ.”